ಕಸಿ ಮಾಡಿದ ಕೊಬ್ಬು ಬದುಕುವುದು ಹೇಗೆ?

ಸಂಯೋಜಕ ಅಂಗಾಂಶದ ಪಾಠದಲ್ಲಿ ‘ಕೊಬ್ಬಿನಿಂದ ಏನು ಉಪಯೋಗ?’ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಶಕ್ತಿ ಸಂಗ್ರಹ, ಶಾಖ ರಕ್ಷಣೆ ಎನ್ನುವಷ್ಟರಲ್ಲಿ ಗಂಟೆ ಬಾರಿಸಿತು. ಉಳಿದ ಉತ್ತರ ಇಲ್ಲಿದೆ.

ಸುಟ್ಟ ಗಾಯದಿಂದ ಕೆನ್ನೆ ಗುಳಿಬಿದ್ದವರಿಗೆ, ಸ್ತನ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆಯಾದವರಿಗೆ ಅವರದೇ ಹೊಟ್ಟೆಯ ಅಥವಾ ತೊಡೆಯ ಕೊಬ್ಬನ್ನು ತೆಗೆದು ಆ ಜಾಗಕ್ಕೆ ತುಂಬುವುದುಂಟು. ಜರ್ಮನಿಯ ವೈದ್ಯ ಗುಸ್ತಾವ್ ನ್ಯೂಬರ್ 1893ರಲ್ಲೇ ತೋಳಿನ ಕೊಬ್ಬನ್ನು ಮುಖಕ್ಕೆ ಕಸಿ ಮಾಡಿದ್ದರು. ಸ್ವಂತ ಅಂಗಾಂಶವಾದ್ದರಿಂದ ದೇಹ ತಿರಸ್ಕರಿಸುವುದಿಲ್ಲ. ಆದರೂ ತುಂಬಿದ್ದರಲ್ಲಿ ಬಹಳಷ್ಟು ಕೆಲವೇ ತಿಂಗಳಲ್ಲಿ ಕರಗಿಹೋಗಬಹುದು.

ಏಕೆಂದರೆ ಬೇರ್ಪಡಿಸಿದ ಕೊಬ್ಬಿಗೆ ರಕ್ತ ಸಂಪರ್ಕ ಕಡಿದುಹೋಗಿರುತ್ತದೆ. ಹೊಸ ರಕ್ತನಾಳ ಬೆಳೆಯುವವರೆಗೆ ಅಕ್ಕಪಕ್ಕದಿಂದ ವಿಸರಣೆಯಾಗಿ ಬರುವ ಆಮ್ಲಜನಕವೇ ಗತಿ. ವಿಸರಣೆ ದೂರ ಸಾಗದು. ಅಂಚಿನಲ್ಲಿ ಮಿಲಿಮೀಟರಿಗಿಂತ ತೆಳುವಾದ ಪದರ ಮಾತ್ರ ಉಳಿಯುತ್ತದೆ. ಒಳಗಿನ ಬೆಳೆದ ಕೊಬ್ಬಿನ ಕೋಶಗಳು ಒಂದೇ ದಿನದಲ್ಲಿ ಸಾಯತೊಡಗುತ್ತವೆ.

ನಮ್ಮ ಪ್ರಯೋಗಾಲಯದ ಸ್ಲೈಡಿನಲ್ಲಿ ಕೊಬ್ಬಿನ ಕೋಶಗಳು ಖಾಲಿ ಉಂಗುರಗಳಂತೆ ಕಾಣುತ್ತವೆಯಲ್ಲ, ಆ ಉಂಗುರಗಳ ಸಂದಿಯಲ್ಲಿ, ಸಣ್ಣ ರಕ್ತನಾಳಗಳ ಬಳಿ ಆಕರಕೋಶಗಳು ಇರುತ್ತವೆ. ಇವು ಹಠಮಾರಿಗಳು. ಆಮ್ಲಜನಕ ತೀರಾ ಕಡಿಮೆಯಾದರೂ ಮೂರು ದಿನದವರೆಗೆ ತಾಳಬಲ್ಲವು. ಆ ಕೊರತೆಯೇ ಅವುಗಳನ್ನು ಎಚ್ಚರಿಸುತ್ತದೆ: ವಿಇಜಿಎಫ್ ಎಂಬ ಪ್ರೋಟೀನ್ ಸ್ರವಿಸಿ ರಕ್ತನಾಳಗಳನ್ನು ತಮ್ಮತ್ತ ಬೆಳೆಸುತ್ತವೆ, ಕೆಲವು ತಾವೇ ಹೊಸ ಕೊಬ್ಬಿನ ಕೋಶಗಳಾಗುತ್ತವೆ. ಹೀಗಾಗಿ ‘ಕಸಿ ಬದುಕಿತು’ ಎಂಬ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕಿತ್ತು ನೆಟ್ಟ ಭತ್ತದ ಪೈರಿನ ಹಳೆಯ ಎಲೆ ಹಳದಿಯಾಗಿ, ಹೊಸ ಬೇರು ಹೊಸ ಸುಳಿ ಬರುವಂತೆ, ಇಲ್ಲಿಯೂ ಹಳೆಯದರಲ್ಲಿ ಬಹುಪಾಲು ಸತ್ತು ಹೊಸದು ಹುಟ್ಟಿರುತ್ತದೆ.

ಹಾಗಾದರೆ ಆಕರಕೋಶಗಳನ್ನು ಹೆಚ್ಚಿಗೆ ಬೆರೆಸಿದರೆ? ಡೆನ್ಮಾರ್ಕಿನ ವೈದ್ಯರು ಇದನ್ನು ಪರೀಕ್ಷಿಸಿ 2013ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆರೋಗ್ಯವಂತ ಸ್ವಯಂಸೇವಕರ ಒಂದು ತೋಳಿಗೆ ಬರೀ ಕೊಬ್ಬು, ಇನ್ನೊಂದಕ್ಕೆ ಪ್ರತಿ ಮಿಲಿಲೀಟರಿಗೆ 2 ಕೋಟಿ ಆಕರಕೋಶ ಬೆರೆಸಿದ ಕೊಬ್ಬು. 121 ದಿನಗಳ ನಂತರ ಎಂಆರ್‌ಐನಲ್ಲಿ ಅಳೆದಾಗ ಬರೀ ಕೊಬ್ಬು ಶೇ. 16.3, ಬೆರೆಸಿದ್ದು ಶೇ. 80.9 ಉಳಿದಿತ್ತು. ಒಬ್ಬನೇ ವ್ಯಕ್ತಿಯ ಎರಡು ತೋಳುಗಳನ್ನು ಹೋಲಿಸಿದ್ದು ಈ ಪ್ರಯೋಗದ ಜಾಣತನ. ಪರೀಕ್ಷೆಯಲ್ಲಿ ‘ನಿಯಂತ್ರಿತ ಪ್ರಯೋಗ’ಕ್ಕೆ ಉದಾಹರಣೆ ಕೇಳಿದರೆ ಧಾರಾಳವಾಗಿ ಬರೆಯಿರಿ.

ಆದರೆ ಅದರಲ್ಲಿದ್ದವರು ಹತ್ತೇ ಮಂದಿ, ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಹೆಚ್ಚಿಸಲಾಗಿತ್ತು. ‘ಸ್ಟೆಮ್ ಸೆಲ್‌ನಿಂದ ಸೌಂದರ್ಯ’ ಎಂಬ ಜಾಹೀರಾತು ಮೊಬೈಲಿನಲ್ಲಿ ಕಂಡಾಗ, ಎಷ್ಟು ಕೋಶ, ಎಷ್ಟು ಮಂದಿಯ ಮೇಲೆ, ಯಾವುದಕ್ಕೆ ಹೋಲಿಸಿ ಎಂದು ಕೇಳಿ ನೋಡಿ. ಕ್ಯಾನ್ಸರ್ ಇದ್ದ ಜಾಗಕ್ಕೆ ರಕ್ತನಾಳ ಬೆಳೆಸುವ ಕೋಶಗಳನ್ನು ಹೀಗೆ ಹೆಚ್ಚಾಗಿ ಸೇರಿಸಬಹುದೇ ಎಂಬ ಪ್ರಶ್ನೆಯಲ್ಲಂತೂ ವೈದ್ಯರು ಇಂದಿಗೂ ಬಹಳ ಎಚ್ಚರದಿಂದ ಹೆಜ್ಜೆ ಇಡುತ್ತಿದ್ದಾರೆ.