ಆಕಾಶ ನೋಡಿ ಬೆಳಕು ಹೊಂದಿಸಿ

ಪ್ರಶ್ನೆ: ನಾನು ಅಳ್ನಾವರದವಳು. ಸಂಜೆ ಹುಲಿಕೇರಿ ಕೆರೆ ಏರಿಯ ಮೇಲೆ ಎತ್ತು ಹೊಡೆದುಕೊಂಡು ಬರುವ ಅಪ್ಪನ ಸಿಲೂಯೆಟ್ (ಬೆಳಕಿನೆದುರು ಕಪ್ಪು ಆಕೃತಿಯಾಗಿ ಕಾಣುವ ಚಿತ್ರ) ತೆಗೆಯುವ ಆಸೆ. ಫೋನಿನಲ್ಲಿ ಅಪ್ಪ ಬೂದುಬೂದಾಗಿ, ಆಕಾಶ ಬಿಳಿಚಿಕೊಂಡು ಬರುತ್ತದೆ. ಕ್ಯಾಮೆರಾ ಕೊಳ್ಳಬೇಕೇ?

ಉತ್ತರ: ಈಗಲೇ ಬೇಡ. ನಿಮ್ಮ ಫೋನು ತಂದೆಯವರ ಮುಖ ಕಾಣಿಸಲು ಬೆಳಕು ಹೆಚ್ಚಿಸುತ್ತಿದೆ. ಅದನ್ನು ತಡೆಯಬೇಕು. ಎಚ್‌ಡಿಆರ್, ನೈಟ್ ಮೋಡ್, ಫ್ಲಾಶ್ ಆಫ್ ಮಾಡಿ. ಸೂರ್ಯನ ಪಕ್ಕದ ಆಕಾಶವನ್ನು ಪರದೆಯ ಮೇಲೆ ಒತ್ತಿ ಹಿಡಿದು ಲಾಕ್ ಮಾಡಿ, ಬೆಳಕಿನ ಗುರುತನ್ನು ಕೆಳಕ್ಕೆ ಎಳೆಯಿರಿ. ಆಕಾಶಕ್ಕೆ ಬಣ್ಣ ಬಂದಾಗ ತಂದೆಯವರು ಕಪ್ಪಾಗುತ್ತಾರೆ.

ನಿಲ್ಲುವ ಜಾಗ ಇದಕ್ಕಿಂತ ಮುಖ್ಯ. ಏರಿಯ ಕೆಳಗೆ ಕುಕ್ಕರಗಾಲಲ್ಲಿ ಕುಳಿತು ಮೇಲಕ್ಕೆ ನೋಡಿ ತೆಗೆಯಿರಿ. ಹಿಂದೆ ಗಿಡಮರ ಬಂದರೆ ಕಪ್ಪಿನಲ್ಲಿ ಕಪ್ಪು ಕರಗುತ್ತದೆ. ಎತ್ತಿನ ಕೋಡು, ತಂದೆಯವರ ಮೂಗು, ಕೈಯಲ್ಲಿನ ಬಾರಕೋಲು ಬೇರೆಬೇರೆಯಾಗಿ ಕಾಣಬೇಕು. ಆದ್ದರಿಂದ ಅವರು ಪಕ್ಕಕ್ಕೆ ಮುಖ ಮಾಡಿ ನಡೆಯಲಿ, ಎತ್ತಿನಿಂದ ಒಂದೆರಡು ಹೆಜ್ಜೆ ದೂರವಿರಲಿ. ಸೂರ್ಯ ಮುಳುಗಿದ ಮೇಲಿನ ಹದಿನೈದು ನಿಮಿಷ ನನಗೆ ಅತಿ ಪ್ರಿಯ.

ಯಾರದಾದರೂ ಕ್ಯಾಮೆರಾ ಸಿಕ್ಕರೆ ಮ್ಯಾನುವಲ್‌ನಲ್ಲಿ ಐಎಸ್‌ಒ 100, ಎಫ್/8, 1/500 ಸೆಕೆಂಡಿನಿಂದ ಶುರು ಮಾಡಿ, ಬೆಳಕು ಇಳಿದಂತೆ ಶಟರ್ ನಿಧಾನಗೊಳಿಸಿ. ಡಿಎಸ್‌ಎಲ್‌ಆರ್ ಕಿಂಡಿಯಿಂದ ಸೂರ್ಯನನ್ನು ನೇರ ನೋಡಲೇಬೇಡಿ. ಕಣ್ಣೆದುರು ಕಲೆ ಉಳಿದರೆ, ದೃಷ್ಟಿ ಮಂಜಾದರೆ ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ನಿಮ್ಮೂರಿನ ರೈಲ್ವೆ ಜಂಕ್ಷನ್ ಬಳಿಯ ಹಳಿಯೂ ಇಂಥ ಚಿತ್ರಕ್ಕೆ ಚೆಂದ ಕಾಣಬಹುದು. ಆದರೆ ಹಳಿಗೆ ಇಳಿಯುವುದು ಪ್ರಾಣಾಪಾಯ. 1989ರ ರೈಲ್ವೆ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ ಕೂಡ.