ಹೆರಿಗೆಯ ಮನೆಯಲ್ಲಿ ನೆರೆಯವರ ಪ್ರೀತಿ

ಓದತಕ್ಕ ವೇದಭಾಗ: ವಿಮೋಚನಕಾಂಡ 1:15–21

ಇಬ್ರಿಯರ ಗಂಡುಕೂಸುಗಳನ್ನು ಕೊಲ್ಲಬೇಕೆಂದು ಐಗುಪ್ತದ ಅರಸನು ಅಪ್ಪಣೆಕೊಟ್ಟಾಗ, ಶಿಪ್ರಾ, ಪೂಗಾ ಎಂಬ ಸೂಲಗಿತ್ತಿಯರು ಅರಸನಿಗೆ ಅಂಜದೆ ದೇವರಿಗೆ ಭಯಪಟ್ಟು ಆ ಕೂಸುಗಳನ್ನು ಉಳಿಸಿದರು. ಅಲ್ಲಿ ಅರಸನ ಹೆಸರನ್ನು ವೇದವು ಹೇಳುವದಿಲ್ಲ. ಈ ಸ್ತ್ರೀಯರ ಹೆಸರುಗಳನ್ನಾದರೋ ಬರೆದಿಟ್ಟಿದೆ. ಹೆರುವವಳ ಬಳಿಯಲ್ಲಿ ನಿಲ್ಲುವವರ ಸೇವೆಯು ದೇವರ ದೃಷ್ಟಿಯಲ್ಲಿ ಎಷ್ಟು ಮಾನ್ಯವಾದದ್ದೆಂದು ಇದರಿಂದ ಕಲಿಯುತ್ತೇವೆ. ಈ ಸೇವೆಯು ನಮ್ಮ ಕಾಲದಲ್ಲಿ ಹೇಗೆ ನಡೆಯಬೇಕೆಂಬದಕ್ಕೆ ದೂರದೇಶದ ಒಂದು ದೃಷ್ಟಾಂತವನ್ನು ನೋಡೋಣ.

1. ಕಳಕೊಂಡದ್ದು

ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಬಡಗಣ ಭಾಗದಲ್ಲಿ ನುನಾವಿಕ್ ಎಂಬ ಹಿಮದ ಸೀಮೆಯುಂಟು. ಅಲ್ಲಿಯ ಮೂಲನಿವಾಸಿಗಳಾದ ಇನೂಯಿಟ್ ಜನರಲ್ಲಿ ಅನುಭವವುಳ್ಳ ಹೆಂಗಸರೇ ಪೂರ್ವಕಾಲದಿಂದ ಹೆರಿಗೆ ಮಾಡಿಸುತ್ತಿದ್ದರು. 1970ರ ದಶಕದಲ್ಲಿ ಬಸುರಿಯರನ್ನು ವಿಮಾನದಲ್ಲಿ ತೆಂಕಣ ಪಟ್ಟಣಗಳ ಆಸ್ಪತ್ರೆಗಳಿಗೆ ಕಳುಹಿಸುವದು ವಾಡಿಕೆಯಾಯಿತು. ಅಪಾಯವನ್ನು ತಪ್ಪಿಸಬೇಕೆಂಬದೇ ಇದರ ಉದ್ದೇಶ. ಆದರೆ ಆ ತಾಯಂದಿರು ವಾರಗಟ್ಟಲೆ ಗಂಡನನ್ನೂ ಮಕ್ಕಳನ್ನೂ ಅಗಲಿ, ತಮ್ಮ ಭಾಷೆಯನ್ನರಿಯದವರ ನಡುವೆ ಹೆರಬೇಕಾಯಿತು. ಊರಿನ ವೃದ್ಧೆಯರ ತಿಳುವಳಿಕೆಯೂ ಕಲಿಯುವವರಿಲ್ಲದೆ ಕುಗ್ಗಿತು.

2. ತಿರಿಗಿ ಪಡೆದದ್ದು

ಇದನ್ನು ಸಹಿಸಲಾರದೆ ಆ ಸ್ತ್ರೀಯರು ಧ್ವನಿಯೆತ್ತಿದರು. 1986ರಲ್ಲಿ ಹಡ್ಸನ್ ಕೊಲ್ಲಿಯ ತೀರದಲ್ಲಿರುವ ಪುವಿರ್ನಿಟುಕ್ ಎಂಬ ಊರಿನಲ್ಲಿ ಒಂದು ಹೆರಿಗೆಮನೆಯು ತೆರೆಯಲ್ಪಟ್ಟಿತು. 1998ರಲ್ಲಿ ಇನುಕ್ಜುವಾಕ್‌ನಲ್ಲಿಯೂ 2004ರಲ್ಲಿ ಸಲೂಯಿಟ್‌ನಲ್ಲಿಯೂ ಇಂಥವೇ ಉಂಟಾದವು. ಊರಿನ ಹೆಣ್ಣುಮಕ್ಕಳೇ ಅಲ್ಲಿ ಕೆಲಸಮಾಡುತ್ತಾ, ಅನುಭವಿಗಳ ಕೈಕೆಳಗೆ ವರುಷಗಟ್ಟಲೆ ಕಲಿತು ಸೂಲಗಿತ್ತಿಯರಾದರು.

ಇವರು ಬರೀ ಹಳೆಯ ವಾಡಿಕೆಯನ್ನು ನೆಚ್ಚಿ ಕುಳಿತವರಲ್ಲ. ಆ ಊರುಗಳಲ್ಲಿ ಹೊಟ್ಟೆಕೊಯ್ದು ಮಗುವನ್ನು ತೆಗೆಯುವ ಅನುಕೂಲವಿರಲಿಲ್ಲ. ಆದಕಾರಣ ದಿನ ತುಂಬುವದಕ್ಕೆ ಮುಂಚೆಯೇ ಸೂಲಗಿತ್ತಿಯರೂ ವೈದ್ಯರೂ ದಾದಿಯರೂ ಕೂಡಿ ಒಬ್ಬೊಬ್ಬ ಬಸುರಿಯ ಸ್ಥಿತಿಯನ್ನು ವಿಚಾರಿಸಿ, ಅಪಾಯ ಕಂಡರೆ ಅವಳನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುವ ಕ್ರಮವನ್ನಿಟ್ಟರು. 2000ದಿಂದ 2007ರ ವರೆಗಿನ ಲೆಕ್ಕದ ಪ್ರಕಾರ ನೂರಕ್ಕೆ ಸುಮಾರು 86 ಹೆರಿಗೆಗಳು ನುನಾವಿಕ್ ಸೀಮೆಯಲ್ಲಿಯೇ ನಡೆದವು. ಸ್ವಜನರ ಪ್ರೀತಿಯೂ ವಿದ್ಯೆಯೂ ಅಲ್ಲಿ ಒಂದೇ ನೊಗಕ್ಕೆ ಹೂಡಲ್ಪಟ್ಟವು.

3. ನಮಗೆ ಪಾಠ

ನಮ್ಮಲ್ಲಿ ಎರಡು ತಪ್ಪುಗಳುಂಟು. ನಮ್ಮ ಅಜ್ಜಿಯರು ಮನೆಯಲ್ಲೇ ಹೆತ್ತರು, ಆಸ್ಪತ್ರೆ ಯಾಕೆ ಎಂದು ತಡಮಾಡುವದು ಒಂದು. ರಕ್ತಸ್ರಾವ, ಫಿಟ್ಸು, ಕಡುಜ್ವರ, ವಿಪರೀತ ತಲೆನೋವು, ಕಣ್ಣು ಮಂಜಾಗುವದು, ಮುಂಚಿತವಾಗಿ ನೀರು ಒಡೆಯುವದು, ಹೊಟ್ಟೆಯಲ್ಲಿ ಕೂಸಿನ ಚಲನೆ ಕಡಿಮೆಯಾಗುವದು, ಇವುಗಳಲ್ಲಿ ಒಂದು ಕಂಡರೂ ಒಂದು ಗಳಿಗೆಯೂ ಕಾಯಬಾರದು. 108ಕ್ಕೆ ಕರೆಮಾಡಿ ಹೊರಡಬೇಕು. ಇಂಥ ಹೊತ್ತಿನಲ್ಲಿ ತಡಮಾಡಿ ಅದನ್ನು ವಿಶ್ವಾಸವೆಂದು ಕರೆಯುವದು ದೇವರನ್ನು ಪರೀಕ್ಷಿಸುವದೇ ಸರಿ.

ಬಸುರಿಯನ್ನು ಆಸ್ಪತ್ರೆಯ ಬಾಗಿಲಿಗೆ ಮುಟ್ಟಿಸಿ, ನಮ್ಮ ಕೆಲಸ ತೀರಿತೆನ್ನುವದು ಎರಡನೆಯ ತಪ್ಪು. ಒಂಟಿಯಾಗಿ ನೋವು ತಿನ್ನುವವಳ ಭಯವನ್ನು ಹೆತ್ತವರೇ ಬಲ್ಲರು. 2016ರಲ್ಲಿ ನಮ್ಮ ಭಾರತ ಸರಕಾರವು ಸರಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ತಾಯಿಯ ಸಂಗಡ ಒಬ್ಬ ಹೆಂಗಸು ಇರಬಹುದೆಂದು ಒಪ್ಪಿತು. ಸಭೆಯ ಹಿರಿಯ ತಾಯಂದಿರೇ, ಇದು ನಿಮ್ಮ ಸ್ಥಳ! ಕೈಹಿಡಿಯುವದು, ಬೆನ್ನು ಸವರುವದು, ನೀರು ಕುಡಿಸುವದು, ಕಿವಿಯಲ್ಲಿ ಧೈರ್ಯದ ಮಾತು ಹೇಳುವದು, ಇವು ಅಲ್ಪವಾದ ಸೇವೆಗಳಲ್ಲ. ತಾಯಿಯ ಮನೆಯ ಆಸರೆಯಿಲ್ಲದ ಸೊಸೆಯಂದಿರನ್ನೂ ಕೂಲಿಯವರ ಹೆಂಡಂದಿರನ್ನೂ ಮೊದಲು ನೆನೆಯೋಣ.

ಆಲೋಚಿಸತಕ್ಕ ಪ್ರಶ್ನೆಗಳು

1. ನಮ್ಮ ಸಭೆಯಲ್ಲಿ ಈಗ ಬಸುರಿಯರು ಯಾರು? ಅವರ ಸಂಗಡ ಹೋಗುವವರು ಯಾರು?
2. ರಾತ್ರಿಯಲ್ಲಿ ನೋವು ಬಂದರೆ ಬಂಡಿಯೂ ಹಣವೂ ಎಲ್ಲಿಂದ ಬರುವವು?
3. ಹಿರಿಯರ ತಿಳುವಳಿಕೆಯಲ್ಲಿ ಇಟ್ಟುಕೊಳ್ಳತಕ್ಕದ್ದು ಯಾವದು, ಬಿಡತಕ್ಕದ್ದು ಯಾವದು?

ಪಶುಗಳ ಗೋದಲಿಯಲ್ಲಿ ಕೂಸಾಗಿ ಮಲಗಿದ ಕರ್ತನು, ಸ್ಥಳವಿಲ್ಲದ ತಾಯಂದಿರಿಗೆ ಸ್ಥಳಕೊಡುವ ಮನಸ್ಸನ್ನು ನಮಗೆ ಅನುಗ್ರಹಿಸಲಿ.