ಬುಲೆಟ್‌ಗೆ ಹೊಸ ಸೈಲೆನ್ಸರ್ ಹಾಕಿದೆವು

ಮಳೆಗಾಲ ಮುಗಿದಿತ್ತು. ಅಡಿಕೆ ಒಣಗಿಸಲು ಅಂಗಳ ಸಿದ್ಧ ಮಾಡುವ ದಿನಗಳು. ಒಂದು ಬೆಳಿಗ್ಗೆ ನಮ್ಮ ಗುಂಪಿನ ಅಕ್ಕನ ಮನೆಯಿಂದ ದೊಡ್ಡ ಶಬ್ದ ಬಂತು. ಡಬ್! ಡಬ್! ಡಬ್! ಜಾತ್ರೆಯ ಗರ್ನಾಲು ಸಿಡಿದ ಹಾಗೆ. ಕೋಳಿಗಳು ಚೆಲ್ಲಾಪಿಲ್ಲಿ ಓಡಿದವು. ಒಳಗೆ ಮಗು ಬೆಚ್ಚಿ ಅತ್ತಿತು. ಅಕ್ಕನ ಮಗಳು ಬಾಣಂತನಕ್ಕೆ ಬಂದಿದ್ದಳು. ಮಗುವಿಗೆ ಇನ್ನೂ ತಿಂಗಳು ತುಂಬಿರಲಿಲ್ಲ.

ನಾವು ಓಡಿ ಹೋಗಿ ನೋಡಿದೆವು. ಶಬ್ದ ಬುಲೆಟ್ ಬೈಕಿನದು. ಅಕ್ಕನ ಗಂಡ ಓಡಿಸುತ್ತಿದ್ದ ಹಳೆಯ ಬೈಕು. ಅವರು ತೀರಿಕೊಂಡ ಮೇಲೆ ಮಗ ಓಡಿಸುತ್ತಾನೆ. ಡೈರಿಗೆ ಹಾಲು ಹೋಗುವುದು ಅದರಲ್ಲೇ. ಬೆಳ್ಳಾರೆಗೆ ರಬ್ಬರ್ ಶೀಟ್ ಹೋಗುವುದು ಅದರಲ್ಲೇ. ಅತ್ತೆಯನ್ನು ಪುತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವುದೂ ಅದರಲ್ಲೇ. ಬೈಕು ನಿಂತರೆ ಮನೆಯ ಕೆಲಸವೇ ನಿಲ್ಲುತ್ತದೆ.

ಸೈಲೆನ್ಸರಿನ ಅಡಿಯಲ್ಲಿ ತೂತು ಬಿದ್ದಿತ್ತು. ಬೆರಳು ಹೋಗುವಷ್ಟು ದೊಡ್ಡ ತೂತು. ಸುತ್ತ ತುಕ್ಕು.

“ಅಮ್ಮ, ಹೇಗೂ ಹೊಸತು ಹಾಕ್ಲಿಕ್ಕೆ ಉಂಟಲ್ಲ. ಪುತ್ತೂರಿನಲ್ಲಿ ಒಳ್ಳೆ ಶಬ್ದದ್ದು ಸಿಗ್ತದೆ. ಅದನ್ನೇ ಹಾಕುವ” ಎಂದ ಮಗ.

“ಹಣ ಕೊಡುವವಳು ನಾನಲ್ವಾ ಮಗಾ? ಅದು ಎಂತದ್ದೂಂತ ಮೊದಲು ನನಗೆ ಗೊತ್ತಾಗ್ಬೇಕು” ಎಂದಳು ಅಕ್ಕ.

ನಮಗೂ ಗೊತ್ತಿರಲಿಲ್ಲ. ನಮ್ಮಲ್ಲಿ ಒಬ್ಬಳ ತಮ್ಮ ಗ್ಯಾರೇಜಿನಲ್ಲಿ ಕೆಲಸ ಮಾಡಿದವನು. ಸಂಜೆ ಅವನನ್ನು ಕರೆಸಿದೆವು. ಅವನು ಹಳೆಯ ಸೈಲೆನ್ಸರ್ ಒಂದನ್ನು ಗರಗಸದಿಂದ ಕೊಯ್ದು ಒಳಗೆ ತೋರಿಸಿದ.

ಸೈಲೆನ್ಸರಿನ ಒಳಗೆ ಏನಿದೆ?

ಎಂಜಿನಿನ ಒಳಗೆ ಪೆಟ್ರೋಲ್ ಉರಿಯುತ್ತದೆ. ಸುಮ್ಮನೆ ಒಲೆಯ ಹಾಗೆ ಉರಿಯುವುದಿಲ್ಲ. ಒಂದರ ಹಿಂದೆ ಒಂದು ಸಿಡಿಯುತ್ತದೆ. ಸಿಡಿದ ಬಿಸಿ ಹೊಗೆ ಮುಂದಿನ ಬಾಗಿದ ಕೊಳವೆಯಿಂದ ಹೊರಗೆ ಬರುತ್ತದೆ. ಇದಕ್ಕೆ ಬೆಂಡ್ ಪೈಪ್ ಎನ್ನುತ್ತಾರೆ. ಅಲ್ಲಿಂದ ಹೊಗೆ ಸೈಲೆನ್ಸರಿಗೆ ಬರುತ್ತದೆ. ಸೈಲೆನ್ಸರಿನ ಒಳಗೆ ಕೋಣೆಗಳಿವೆ. ತೂತಿನ ಕೊಳವೆಗಳಿವೆ. ಶಬ್ದ ಅಲ್ಲಿ ಗೋಡೆಯಿಂದ ಗೋಡೆಗೆ ಬಡಿದು ಸೊರಗುತ್ತದೆ. ಹೊಗೆ ಮಾತ್ರ ಹೊರಗೆ ಹೋಗುತ್ತದೆ.

ಶಬ್ದದ ಸೈಲೆನ್ಸರಿನಲ್ಲಿ ಹೆಚ್ಚಾಗಿ ಈ ಕೋಣೆಗಳು ಇಲ್ಲ. ನೇರ ಒಂದು ತೂತಿನ ಕೊಳವೆ. ಅದರ ಸುತ್ತ ಗಾಜಿನ ಹತ್ತಿ. ಬಿಸಿಗೆ ಆ ಹತ್ತಿ ದಿನ ಹೋದ ಹಾಗೆ ಸವೆಯುತ್ತದೆ. ಆಗ ಶಬ್ದ ಇನ್ನೂ ಹೆಚ್ಚುತ್ತದೆ.

“ಹಾಗಾದ್ರೆ ಒಳಗೆ ಕಬ್ಬಿಣ ಕಡಿಮೆ. ಹಣ ಮಾತ್ರ ಹೆಚ್ಚು!” ಎಂದಳು ನಮ್ಮಲ್ಲೊಬ್ಬಳು. ಮಗನಿಗೆ ಈ ಮಾತು ಹಿಡಿಸಲಿಲ್ಲ.

ತುಕ್ಕು ಹಿಡಿದದ್ದು ಯಾಕೆ? ನಮ್ಮ ಊರಿನ ಮಳೆಯಿಂದ ಎಂದು ನಾವು ತಿಳಿದಿದ್ದೆವು. ಅದು ಅರ್ಧ ಸತ್ಯ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ! ನಮಗೆ ನಂಬಲು ಆಗಲಿಲ್ಲ. ಆದರೆ ಇದು ನಿಜ. ನೀರು ಆವಿಯಾಗಿ ಹೊಗೆಯ ಜೊತೆ ಹೋಗುತ್ತದೆ. ಬೈಕು ದೂರ ಓಡಿದರೆ ಸೈಲೆನ್ಸರ್ ಚೆನ್ನಾಗಿ ಬಿಸಿಯಾಗುತ್ತದೆ. ಆವಿ ಪೂರ್ತಿ ಹೊರಗೆ ಹೋಗುತ್ತದೆ. ಡೈರಿಯವರೆಗೆ ಮಾತ್ರ ಹೋಗಿ ಬಂದರೆ ಸೈಲೆನ್ಸರ್ ಬಿಸಿಯೇ ಆಗುವುದಿಲ್ಲ. ಪಾತ್ರೆಯ ಮುಚ್ಚಳದಲ್ಲಿ ನೀರು ನಿಲ್ಲುವ ಹಾಗೆ ಒಳಗೆ ನೀರು ನಿಲ್ಲುತ್ತದೆ. ಒಳಗಿನಿಂದ ತುಕ್ಕು ತಿನ್ನುತ್ತದೆ. ಹೊರಗಿನಿಂದ ಮಳೆ ಇದ್ದೇ ಇದೆ.

ಪುತ್ತೂರಿನ ಅಂಗಡಿಯಲ್ಲಿ

ಮರುದಿನ ಅಕ್ಕ, ಮಗ ಮತ್ತು ನಾವು ಇಬ್ಬರು ಬಸ್ಸಿನಲ್ಲಿ ಪುತ್ತೂರಿಗೆ ಹೋದೆವು. ಪಿಯುಸಿ ಓದುವ ಒಬ್ಬ ಹುಡುಗಿಯೂ ಜೊತೆಗೆ ಬಂದಳು.

ಅಂಗಡಿಯವರು ಎರಡು ಸೈಲೆನ್ಸರ್ ತೋರಿಸಿದರು. ಒಂದು ಕಂಪನಿಯದು. ಇನ್ನೊಂದು ಮಗನಿಗೆ ಬೇಕಾದ ಶಬ್ದದ್ದು. ಎರಡನೆಯದರ ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ ಸಣ್ಣದಾಗಿ ಏನೋ ಬರೆದಿತ್ತು. ಹುಡುಗಿ ಓದಿ ಹೇಳಿದಳು: “ರೇಸಿಗೆ ಮಾತ್ರ. ರಸ್ತೆಯಲ್ಲಿ ಬಳಸಬಾರದು.”

“ಅದು ಸುಮ್ಮನೆ ಬರೆಯುವುದು ಅಕ್ಕ. ಎಲ್ಲರೂ ಹಾಕ್ತಾರೆ” ಎಂದರು ಅಂಗಡಿಯವರು.

“ದಂಡದ ಚೀಟಿಯನ್ನೂ ಸುಮ್ಮನೆ ಬರೀತಾರಾ?” ಎಂದಳು ಅಕ್ಕ.

ಅಕ್ಕನ ಮಾತು ಸರಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಹೀಗೆ ಹೇಳುತ್ತದೆ: ಪ್ರತಿ ಮೋಟಾರು ವಾಹನಕ್ಕೂ ಶಬ್ದ ಕಡಿಮೆ ಮಾಡುವ ಸೈಲೆನ್ಸರ್ ಇರಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ಕಾನೂನು ಒಪ್ಪದ ಬದಲಾವಣೆ ಮಾಡಿದ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಮಾಲೀಕರಿಗೆ ಎಂಬ ಮಾತನ್ನು ಗಮನಿಸಿ. ಅಕ್ಕ ತನ್ನ ಚೀಲದಿಂದ ಬೈಕಿನ ಆರ್.ಸಿ. ತೆಗೆದಳು. ಕೆಎ 21 ಎಂದು ಶುರುವಾಗುವ ನಂಬರು. ಅದರ ಕೆಳಗೆ ಇದ್ದದ್ದು ಮಗನ ಹೆಸರಲ್ಲ. ಅಕ್ಕನ ಹೆಸರು. ಗಂಡ ತೀರಿಕೊಂಡ ಮೇಲೆ ಬೈಕನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದಳು. ಶಬ್ದ ಮಾಡುವವನು ಮಗ, ದಂಡ ಕಟ್ಟುವವಳು ಅಮ್ಮ!

ಅಕ್ಕ ಕಂಪನಿಯದನ್ನೇ ಕೊಂಡಳು. ಬಿಲ್ಲು ಕೇಳಿ ಪಡೆದಳು. ಬೈಕಿನ ಮಾದರಿ ಬಿಲ್ಲಿನಲ್ಲಿ ಸರಿಯಾಗಿ ಬರೆದಿದೆಯೇ ಎಂದು ಅಕ್ಷರ ಕೂಡಿಸಿ ಓದಿದಳು. ಬಸ್ಸಿನಲ್ಲಿ ಬರುವಾಗ ಮಗ ಮಾತಾಡಲಿಲ್ಲ.

ನಾವೇ ಹಾಕಿದೆವು

ಕೆಲವು ಬೈಕುಗಳಲ್ಲಿ ಬೆಂಡ್ ಪೈಪ್ ಮತ್ತು ಸೈಲೆನ್ಸರ್ ಒಂದೇ ತುಂಡು. ಅದನ್ನು ಬಿಚ್ಚಬೇಕಾದರೆ ಎಂಜಿನಿನ ಹತ್ತಿರದ ನಟ್ಟುಗಳನ್ನೇ ತೆಗೆಯಬೇಕು. ಅವು ತುಕ್ಕು ಹಿಡಿದಿದ್ದರೆ ಮುರಿಯುತ್ತವೆ. ಹೊಸಬರು ಆ ಕೆಲಸಕ್ಕೆ ಹೋಗಬಾರದು. 2020ರ ಏಪ್ರಿಲ್ ನಂತರದ ಹೆಚ್ಚಿನ ಬೈಕುಗಳಲ್ಲಿ ಹೊಗೆಯನ್ನು ಅಳೆಯುವ ಸಣ್ಣ ಸೆನ್ಸರ್ ಇರುತ್ತದೆ. ಅದರ ವಯರನ್ನು ಎಳೆಯಬಾರದು.

ಈ ಬುಲೆಟ್ಟಿನಲ್ಲಿ ಎರಡು ತುಂಡು. ಬೆಂಡ್ ಪೈಪ್ ಬೇರೆ, ಸೈಲೆನ್ಸರ್ ಬೇರೆ. ಸೈಲೆನ್ಸರನ್ನು ಪೈಪಿಗೆ ಬಳೆ ತೊಡಿಸಿದ ಹಾಗೆ ತೊಡಿಸುವುದು. ಹೀಗೆ ತೊಡಿಸುವುದಕ್ಕೆ ಪೇಟೆಯಲ್ಲಿ ‘ಸ್ಲಿಪ್ ಆನ್’ ಎನ್ನುತ್ತಾರೆ. ಸೇರುವ ಜಾಗದಲ್ಲಿ ಒಂದು ಕ್ಲಾಂಪ್. ಹಿಂದೆ ಸೈಲೆನ್ಸರನ್ನು ಹಿಡಿದು ನಿಲ್ಲಿಸುವ ಒಂದು ಬೋಲ್ಟು.

ಗ್ಯಾರೇಜಿನ ತಮ್ಮ ಕೈಕಟ್ಟಿ ನಿಂತ. “ನಾನು ಮುಟ್ಟುವುದಿಲ್ಲ ಅಕ್ಕ. ನೀವೇ ಮಾಡಿ” ಎಂದ.

ಬೈಕು ರಾತ್ರಿಯಿಡೀ ನಿಂತಿತ್ತು. ಸೈಲೆನ್ಸರ್ ಪೂರ್ತಿ ತಣ್ಣಗಿತ್ತು. ಇದು ಮುಖ್ಯ. ಬಿಸಿ ಸೈಲೆನ್ಸರ್ ತಾಗಿದರೆ ಚರ್ಮ ಕೂಡಲೇ ಸುಡುತ್ತದೆ. ಹಾಗೇನಾದರೂ ಸುಟ್ಟರೆ 20 ನಿಮಿಷ ತಣ್ಣೀರು ಹರಿಯಬಿಡಿ. ಪೇಸ್ಟು, ಹಿಟ್ಟು ಹಚ್ಚಬೇಡಿ. ನಾವು ಸೀರೆಯ ಸೆರಗು ಸಿಕ್ಕಿಸಿಕೊಂಡೆವು. ಬಳೆ ತೆಗೆದಿಟ್ಟೆವು. ಬೈಕನ್ನು ಗಟ್ಟಿ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದೆವು.

ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಅರ್ಧ ಗಂಟೆ ಕಾದೆವು. ಅವಸರ ಮಾಡಿದರೆ ನಟ್ಟಿನ ಮೂಲೆ ಸವೆಯುತ್ತದೆ. ಆಮೇಲೆ ಯಾವ ಸ್ಪಾನರೂ ಹಿಡಿಯುವುದಿಲ್ಲ. ಸ್ಪಾನರಿನ ಮೇಲೆ 10, 12, 14 ಎಂದು ಅಂಕಿಗಳಿವೆ. ಅಲುಗಾಡದೆ ಕೂರುವ ಸ್ಪಾನರನ್ನೇ ಆರಿಸಿದೆವು. ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಬಿಗಿ. ಅದರ ವಿರುದ್ಧ ತಿರುಗಿಸಿದರೆ ಸಡಿಲ.

ಮೊದಲು ಕ್ಲಾಂಪ್ ಸಡಿಲ ಮಾಡಿದೆವು. ಆಮೇಲೆ ಹಿಂದಿನ ಬೋಲ್ಟು. ಬೋಲ್ಟು ತೆಗೆಯುವಾಗ ಒಬ್ಬಳು ಸೈಲೆನ್ಸರಿನ ಅಡಿಗೆ ಕೈಕೊಟ್ಟು ಹಿಡಿದಳು. ಹಿಡಿಯದಿದ್ದರೆ ಅದರ ಭಾರವೆಲ್ಲ ಬೆಂಡ್ ಪೈಪಿಗೆ ಬೀಳುತ್ತದೆ. ಸೈಲೆನ್ಸರನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹಿಂದಕ್ಕೆ ಎಳೆದೆವು. ಬರಲೇ ಇಲ್ಲ! ಮತ್ತೆ ಎಣ್ಣೆ ಹಾಕಿದೆವು. ಮೂರನೇ ಸಲಕ್ಕೆ ಬಂತು. ಅಕ್ಕ ಹಿಂದಕ್ಕೆ ಕುಕ್ಕರಿಸಿದಳು. ಮಗನೂ ನಕ್ಕ.

ಬೆಂಡ್ ಪೈಪಿನ ತುದಿಯನ್ನು ಮರಳು ಕಾಗದದಿಂದ ಉಜ್ಜಿ ಒರೆಸಿದೆವು. ಹೊಸ ಕ್ಲಾಂಪನ್ನು ಹೊಸ ಸೈಲೆನ್ಸರಿನ ಬಾಯಿಗೆ ಮೊದಲೇ ಹಾಕಿದೆವು. ಸೈಲೆನ್ಸರನ್ನು ಪೈಪಿಗೆ ಕೊನೆಯವರೆಗೆ ತೊಡಿಸಿದೆವು. ನಟ್ಟು ಬೋಲ್ಟುಗಳನ್ನು ಕೈಯಿಂದ ಮಾತ್ರ ತಿರುಗಿಸಿದೆವು. ಕೂಡಲೇ ಬಿಗಿ ಮಾಡಬಾರದು. ದೂರ ನಿಂತು ನೋಡಬೇಕು. ಸೈಲೆನ್ಸರ್ ನೇರ ಇದೆಯೇ? ಚಕ್ರಕ್ಕೆ ತಾಗುತ್ತದೆಯೇ? ಎಲ್ಲ ಸರಿ ಇದ್ದ ಮೇಲೆ ಮುಂದಿನ ಕ್ಲಾಂಪ್, ಆಮೇಲೆ ಹಿಂದಿನ ಬೋಲ್ಟು ಬಿಗಿ ಮಾಡಿದೆವು.

ಕೊನೆಗೆ ಒಂದು ಒಣ ಬಟ್ಟೆಯಿಂದ ಸೈಲೆನ್ಸರನ್ನು ಚೆನ್ನಾಗಿ ಒರೆಸಿದೆವು. ನಮ್ಮ ಎಣ್ಣೆ ಕೈಯ ಗುರುತು ಉಳಿದರೆ ಬಿಸಿಗೆ ಸುಟ್ಟು ಕಲೆಯಾಗುತ್ತದೆ.

ಬೈಕನ್ನು ಅಂಗಳದ ನಡುವೆ ತಂದು ಸ್ಟಾರ್ಟ್ ಮಾಡಿದೆವು. ಕೊಟ್ಟಿಗೆಯಲ್ಲಿ, ಮುಚ್ಚಿದ ಶೆಡ್ಡಿನಲ್ಲಿ ಸ್ಟಾರ್ಟ್ ಮಾಡಿ ಇಡಬಾರದು. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಗಾಳಿ ಇದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತುತ್ತದೆ, ಪ್ರಾಣವೂ ಹೋಗಬಹುದು. ಕ್ಲಾಂಪಿನ ಹತ್ತಿರ ಕಿವಿಗೊಟ್ಟು ಕೇಳಿದೆವು. ಪಟ್ ಪಟ್ ಎಂದರೆ ಅಲ್ಲಿ ಹೊಗೆ ಸೋರುತ್ತಿದೆ ಎಂದು ಅರ್ಥ. ಸೋರಲಿಲ್ಲ. ಮೊದಲು ಸ್ವಲ್ಪ ಬಿಳಿ ಹೊಗೆ ಬಂತು. ಅದು ಉಳಿದ ಎಣ್ಣೆ ಸುಟ್ಟದ್ದು.

ಒಳಗಿನಿಂದ ಅತ್ತೆ ಕೂಗಿದರು: “ಎಂತ, ಸ್ಟಾರ್ಟ್ ಆಗ್ಲಿಲ್ವಾ?”

ಮಗು ಎದ್ದಿರಲಿಲ್ಲ.

ಮರುದಿನ ಅಕ್ಕ ಮಗನ ಜೊತೆ ಅದೇ ಬೈಕಿನಲ್ಲಿ ಕಡಬದ ತವರಿಗೆ ಹೋಗಿ ಬಂದಳು. ಒಂದು ಸಲ ಬಿಸಿಯಾಗಿ ತಣಿದ ಮೇಲೆ ನಟ್ಟು ಸಡಿಲ ಆಗುವುದುಂಟು. ಆದ್ದರಿಂದ ಬೈಕು ತಣಿದ ಮೇಲೆ ಮತ್ತೆ ನೋಡಬೇಕಿತ್ತು. ಕ್ಲಾಂಪಿನ ನಟ್ಟು ಇನ್ನೂ ಅರ್ಧ ಸುತ್ತು ತಿರುಗಿತು. ಈ ಸಲ ಸ್ಪಾನರ್ ಹಿಡಿದದ್ದು ಮಗ.